ಕೆಂಪು ಗುರುತಿನಾಚೆ

ಬೆಳಿಗ್ಗೆ ಏಳೂವರೆಗೆ, ಹಡಗಿನ ಬಟ್ಟೆ ಬದಲಿಸುವ ಕೋಣೆಯಲ್ಲಿ, ಮೇಲಿನ ಭಾವ ಕೆಳಗಿನ ಭಾವನ ಮುಖಕ್ಕೆ ಗುದ್ದಿದ. ಮೊದಲ ಏಟಿಗೆ ಕೆಳಗಿನವನ ತಲೆ ತಗಡಿನ ಬೀರುವಿಗೆ ಬಡಿದು ಕೋಣೆಯೆಲ್ಲ ಝಣಗುಟ್ಟಿತು. ಎರಡನೆಯದಕ್ಕೆ ತುಟಿ ಒಡೆಯಿತು. ಮೂರನೆಯದು ಬರುತ್ತಿದೆ ಎಂದು ಗೊತ್ತಿದ್ದೂ ಅವನು ಕೈ ಅಡ್ಡ ತರಲಿಲ್ಲ.

"ಬಾಗಿಲು ತಗುಲಿ ತುಟಿ ಒಡೀತು ಅಂದ್ಲು ನನ್ನ ತಂಗಿ. ಒಲೆ ಕಡೆ ಮುಖ ಮಾಡ್ಕೊಂಡು ಹೇಳಿದ್ಲು. ಯಾರಾದ್ರೂ ಕೇಳಿದ್ರೆ ನೀನೂ ಹಂಗೇ ಹೇಳು, ಬಾಗಿಲು ತಗುಲ್ತು ಅಂತ," ಎಂದ ಮೇಲಿನ ಭಾವ.

ಮುಳುಗುಗಾರರ ಮೇಸ್ತ್ರಿ ಓಡಿಬಂದು ನಡುವೆ ನುಗ್ಗಿದ. ನಾಲ್ಕು ಜನ ಹಿಡಿದು ಎಳೆದರೂ ಮೇಲಿನ ಭಾವನ ಬಾಯಿ ನಿಲ್ಲಲಿಲ್ಲ. ಎಲ್ಲರ ಎದುರಿಗೇ ಅಂದ: "ನೀರಿಗಿಳಿದ ಮೇಲೆ ನಿನ್ನ ಉಸಿರು ನನ್ನ ಕೈಲಿರತ್ತೆ. ನೆನಪಿರ್ಲಿ."

ಬಾಯಿಂದ ಬಿದ್ದ ಮಾತು. ಅದನ್ನು ಹೆಕ್ಕಿ ಮತ್ತೆ ಬಾಯಿಗೆ ಹಾಕಿಕೊಳ್ಳಲು ಆಗುವಂತಿದ್ದರೆ ಈ ಕಥೆಗೆ ಕಾಲೇ ಬರುತ್ತಿರಲಿಲ್ಲ.

ಅವರಿಬ್ಬರಲ್ಲಿ ಒಬ್ಬ ನೀರಿಗಿಳಿಯುವವನು, ಇನ್ನೊಬ್ಬ ಅವನ ಉಸಿರಿನ ಹೋಸನ್ನು ಮೇಲೆ ನಿಂತು ಹಿಡಿಯುವವನು. ಇಳಿಯುವವನು ಹಿಡಿಯುವವನ ತಂಗಿಯ ಗಂಡ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುತ್ತಿದ್ದರು; ವಯಸ್ಸು ಹಿಡಿದು ನೋಡಿದರೆ ಯಾರು ಯಾರಿಗೆ ಭಾವ ಎಂಬುದನ್ನು ಬಿಡಿಸಲು ಯಾರೂ ಹೋಗಿರಲಿಲ್ಲ. ಹೀಗಾಗಿ ಹಡಗಿನವರ ಬಾಯಲ್ಲಿ ಒಬ್ಬ ಮೇಲಿನ ಭಾವ, ಒಬ್ಬ ಕೆಳಗಿನ ಭಾವ. ಹನ್ನೊಂದು ವರ್ಷದಿಂದ ಅದೇ ಜೋಡಿ. ಆ ಕಸುಬಿನಲ್ಲಿ ಹಾಗೆಯೇ: ಒಂದು ಕೈಗೆ ಒಗ್ಗಿದ ಮುಳುಗುಗಾರ ಇನ್ನೊಂದು ಕೈಯನ್ನು ನಂಬಿ ಇಳಿಯುವುದಿಲ್ಲ. ಹೋಸನ್ನು ಒಂದು ಸಲ ಜಗ್ಗಿದರೆ 'ಚೆನ್ನಾಗಿದ್ದೀಯಾ', ಎರಡು ಸಲ ಜಗ್ಗಿದರೆ 'ಸಡಿಲ ಬೇಕಾ'. ಅದರ ಆಚೆಗೆ, ಆ ಜಗ್ಗಿನಲ್ಲಿ ಇವನಿಗೆ ಇವತ್ತು ಸಿಟ್ಟಿದೆಯೋ ನಿದ್ದೆಗಣ್ಣೋ ಎಂಬುದೂ ತಿಳಿಯುತ್ತಿತ್ತು.

"ಇವತ್ತು ಬೇರೆಯವರು ಹಿಡೀಲಿ," ಎಂದ ಮೇಸ್ತ್ರಿ.

ಕೆಳಗಿನ ಭಾವ ತುಟಿಗೆ ಹತ್ತಿ ಒತ್ತಿಕೊಂಡು ತಲೆಯಾಡಿಸಿದ. "ಬೇರೆ ಕೈ ನಂಗೆ ಬೇಡ. ಹೊಡೆದ್ರೂ ಅವನೇ ಹಿಡೀಲಿ."

ಮೇಲಿನ ಭಾವನಿಗೆ ಆ ಮಾತು ಕೇಳಿ ಮತ್ತಷ್ಟು ಉರಿಯಿತು. ಹಾಳಾದವನು, ಇಷ್ಟು ಚೆಂದ ಮಾತಾಡುವವನು ಮನೆಯಲ್ಲಿ ಕೈ ಎತ್ತುತ್ತಾನಲ್ಲ!

ಕೆಲಸವಿದ್ದದ್ದು ಸಮುದ್ರದ ತಳದಲ್ಲಿ, ಮೂವತ್ತೈದು ಮೀಟರ್ ಕೆಳಗೆ. ತೈಲ ಸಾಗುವ ಉಕ್ಕಿನ ಕೊಳವೆಯೊಂದರ ಕವಾಟ ಸೋರುತ್ತಿತ್ತು. ಅದರ ಬೋಲ್ಟುಗಳನ್ನು ಬಿಚ್ಚಿ ಸೋರಿಕೆ ತಡೆಯುವ ಹೊಸ ಬಳೆ ಕೂರಿಸಬೇಕು. ಅಂಥ ಜಾಗದಲ್ಲಿ ಲಂಗರು ಹಾಕುವ ಹಾಗಿಲ್ಲ, ಕೊಳವೆಯೇ ಕಿತ್ತುಬರುತ್ತದೆ. ಹಡಗು ತನ್ನ ಆರು ಪ್ರೊಪೆಲರ್‌ಗಳನ್ನು ಅತ್ತಿತ್ತ ತಿರುಗಿಸುತ್ತಾ ಒಂದೇ ಕಡೆ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಕಂಪ್ಯೂಟರು. ಕಂಪ್ಯೂಟರನ್ನು ನೋಡಿಕೊಳ್ಳುವವನನ್ನು ಎಲ್ಲರೂ ಗುಂಡಿ ಸಾಹೇಬ ಅನ್ನುತ್ತಿದ್ದರು. ಮೇಲಿನ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಎದುರಿಗೆ ನಾಲ್ಕು ಪರದೆ, ಒತ್ತಲು ಬೇಕಾದಷ್ಟು ಗುಂಡಿ.

ಹಡಗು ಎಲ್ಲಿದೆ ಎಂದು ಆ ಯಂತ್ರಕ್ಕೆ ಹೇಳಲು ಮೂರು ಸಾಕ್ಷಿಗಳಿದ್ದವು. ಎರಡು ಆಕಾಶದ ಉಪಗ್ರಹಗಳನ್ನು ಕೇಳಿ ಹೇಳುವ ಪೆಟ್ಟಿಗೆಗಳು. ಮೂರನೆಯದು ಬಡಪಾಯಿ: ಹಡಗಿನ ಬದಿಯಿಂದ ಸಮುದ್ರದ ತಳಕ್ಕೆ ಇಳಿಬಿಟ್ಟ ಅರ್ಧ ಟನ್ನಿನ ಕಬ್ಬಿಣದ ಗುಂಡು, ಅದಕ್ಕೆ ಬಿಗಿದ ಉಕ್ಕಿನ ತಂತಿ. ಹಡಗು ಸರಿದರೆ ತಂತಿ ಓರೆಯಾಗುತ್ತದೆ, ಅಷ್ಟೇ ಅದರ ವಿದ್ಯೆ. ಮೂವರಲ್ಲಿ ಒಬ್ಬನ ಮಾತು ಬೇರೆಯಾದರೆ ಯಂತ್ರ ಇಬ್ಬರ ಮಾತನ್ನು ಹಿಡಿದು ಅವನನ್ನು ಪಂಚಾಯತಿಯಿಂದ ಎಬ್ಬಿಸಿ ಕಳಿಸುತ್ತಿತ್ತು.

ಆ ದಿನ ಗಾಳಿ ಇರಲಿಲ್ಲ. ಸಮುದ್ರ ಎಣ್ಣೆ ಸವರಿದ ಕಲ್ಲಿನಂತೆ ಮಲಗಿತ್ತು. ಬಿರುಗಾಳಿ ಇದ್ದದ್ದು ಕಣ್ಣಿಗೆ ಕಾಣದ ಎತ್ತರದಲ್ಲಿ. ಎರಡು ದಿನದ ಹಿಂದೆ ಸೂರ್ಯ ತನ್ನ ಮೈಯ ಒಂದು ತುಂಡನ್ನೇ ಉಗುಳಿದ್ದ. ಅದು ಬಂದು ಭೂಮಿಯ ಕಾಂತಕ್ಕೆ ಅಪ್ಪಳಿಸಿತ್ತು. ಮುನ್ನೂರು ಕಿಲೋಮೀಟರ್ ಮೇಲೆ, ಗಾಳಿ ಎನ್ನಲೂ ಸಾಲದಷ್ಟು ತೆಳ್ಳಗಿನ ಅಯಾನುಗೋಳ ಎಂಬ ಪದರವಿದೆ. ಬಿಸಿಲು ತಾಗಿ ಮೈಯೆಲ್ಲ ವಿದ್ಯುತ್ತಾದ ಪದರ. ಕಾಂತದ ಏಟಿಗೆ ಅದು ಹರಿದು, ಸುಳಿಸುಳಿಯಾಗಿ ಕುದಿಯತೊಡಗಿತ್ತು. ಒಂದು ಕಡೆ ಗುಡ್ಡೆ, ಪಕ್ಕದಲ್ಲೇ ಗುಂಡಿ. ಉಪಗ್ರಹದ ಮಾತು ಆ ಕುದಿಯನ್ನು ದಾಟಿ ಕೆಳಗೆ ಬರುವಷ್ಟರಲ್ಲಿ ತಡವರಿಸುತ್ತಿತ್ತು. ಆ ತಪ್ಪನ್ನು ತಿದ್ದಿ ಕಳಿಸಲು ದಡದಲ್ಲೊಂದು ಕೇಂದ್ರವಿತ್ತು, ಆದರೆ ಅಂದು ಅದರ ನೆತ್ತಿಯ ಮೇಲಿನ ಆಕಾಶ ಬೇರೆ, ಹಡಗಿನ ನೆತ್ತಿಯ ಮೇಲಿನದು ಬೇರೆ. ಎರಡು ಪೆಟ್ಟಿಗೆಗಳೂ ಒಂದೇ ಆಕಾಶವನ್ನು ಕೇಳಿದವು, ಒಂದೇ ತಿದ್ದುಪಡಿಯನ್ನು ನಂಬಿದವು, ಒಂದೇ ಸುಳ್ಳನ್ನು ಹೇಳಿದವು: ನಿಂತಲ್ಲೇ ನಿಂತ ಹಡಗು ಸರಿದಿದೆ ಎಂದು. ಅದನ್ನು ನಂಬಿದ ಯಂತ್ರ ಹಡಗನ್ನು ಜಾಗಕ್ಕೆ ತರುತ್ತೇನೆಂದು ಓಡಿಸುವುದು.

ಎಚ್ಚರಿಕೆ ಬಂದಿರಲಿಲ್ಲವೇ ಅಂದರೆ, ಬಂದಿತ್ತು. ಒಂದು ಹಾಳೆ. ಗುಂಡಿ ಸಾಹೇಬ ಅದರ ಮೇಲೆ ಚಹಾದ ಲೋಟ ಇಟ್ಟಿದ್ದ.

ಹನ್ನೊಂದು ಗಂಟೆ. ಮೇಲಿನ ಭಾವ ಹಡಗಿನ ಅಂಚಿನ ಕಂಬಿಯ ಬಳಿ ನಿಂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೋಸು ಹಿಡಿದಿದ್ದ. ಗಾಳಿಯ ನಳಿಕೆ, ಮಾತಿನ ತಂತಿ, ಒಂದು ಹಗ್ಗ, ಮೂರನ್ನೂ ಸೇರಿಸಿ ಹೊಸೆದ ಮುಂಗೈ ದಪ್ಪದ ಹೋಸು. ಅದರ ಒಂದು ಕಡೆ ಕೆಂಪು ಪಟ್ಟಿ ಸುತ್ತಿತ್ತು. ಆ ಗುರುತಿನಾಚೆಗೆ ಒಂದು ಗೇಣನ್ನೂ ಬಿಡಬಾರದು. ಬಿಟ್ಟರೆ ಹೋಸು ತೇಲಿ ಪ್ರೊಪೆಲರ್‌ಗೆ ಸಿಗುವಷ್ಟು ಉದ್ದವಾಗುತ್ತದೆ. ಹಿಂದೆ ಬೇರೊಂದು ಹಡಗಿನಲ್ಲಿ ಹಾಗಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ದಿನ ಮೇಲೆ ಬಂದದ್ದನ್ನು ಮೂರು ಚೀಲದಲ್ಲಿ ತುಂಬಿದ್ದರು. ಅದಕ್ಕೇ ಕೆಂಪು ಗುರುತಿನಲ್ಲಿ ಹೋಸನ್ನು ಬೇರೊಂದು ಹಗ್ಗದಿಂದ ಕಬ್ಬಿಣದ ಕಂಬಕ್ಕೆ ಬಿಗಿದು ಕಟ್ಟುವುದು. ಕೈ ಮರೆತರೂ ಗಂಟು ಮರೆಯಬಾರದು.

ಬೇರೆ ದಿನವಾಗಿದ್ದರೆ ಕೆಳಗಿನ ಭಾವ ಕೆಲಸ ಮಾಡುತ್ತಾ ಹಾಡು ಗುನುಗುತ್ತಿದ್ದ, "ಇಲ್ಲೊಂದು ಮೀನು ನಿನ್ನ ಹಾಗೇ ಮುಖ ಊದಿಸ್ಕೊಂಡಿದೆ ಭಾವ" ಅನ್ನುತ್ತಿದ್ದ. ಅಂದು ಬರೀ ಉಸಿರಿನ ಸದ್ದು.

ಹೋಸು ಮೆಲ್ಲಗೆ ಕೈಯಿಂದ ಜಾರತೊಡಗಿತು.

"ಎಲ್ಲಿಗೆ ಹೊರಟೆ?" ಎಂದ ಮೇಲಿನ ಭಾವ.

"ಎಲ್ಲೂ ಹೋಗಿಲ್ಲ. ನೀನ್ಯಾಕೆ ಎಳೀತಿದ್ದೀಯಾ?"

"ನಾನೆಲ್ಲಿ ಎಳೆದೆ!"

ಅಷ್ಟರಲ್ಲಿ ಕೆಂಪು ಗುರುತು ಕಂಬಕ್ಕೆ ಬಂದು ನಿಂತಿತು. ಕಟ್ಟಿದ ಹಗ್ಗ ಕಿರ್ರೆಂದಿತು. ಕಾಲಡಿಯ ಹಲಗೆ ನಡುಗಿತು. ಹಡಗಿನ ಪ್ರೊಪೆಲರ್‌ಗಳೆಲ್ಲ ಒಟ್ಟಿಗೆ ಗುಡುಗಿ, ಬದಿಯ ನೀರು ಬೆಳ್ಳಗೆ ನೊರೆಯಾಗಿ ಎದ್ದಿತು.

ತಳದಲ್ಲಿ ಕೆಳಗಿನ ಭಾವನ ಕಾಲು ನೆಲ ಬಿಟ್ಟಿತು. ಬೆನ್ನ ಪಟ್ಟಿಗೆ ಕಟ್ಟಿದ ಹೋಸು ಅವನನ್ನು ಹಿಂದಕ್ಕೆ ಜಗ್ಗಿ ಕೊಳವೆಯ ಮೇಲೆ ಅಪ್ಪಳಿಸಿತು. ಸ್ಪ್ಯಾನರು ಕೈತಪ್ಪಿ ಕೆಸರಿನಲ್ಲಿ ಮುಳುಗಿತು. ಅವನ ಮನಸ್ಸಿಗೆ ಬಂದದ್ದು ಒಂದೇ: ಮೇಲಿನವನು ಹೇಳಿದ್ದನ್ನು ಮಾಡುತ್ತಿದ್ದಾನೆ. ಬೆಳಗಿನ ಮೂರು ಏಟು ಸಾಲಲಿಲ್ಲ ಅವನಿಗೆ. ಆಗ ಅವನು ಜನ್ಮದಲ್ಲಿ ಮಾಡದ ತಪ್ಪನ್ನು ಮಾಡಿದ. ಎಳೆತದಿಂದ ತಪ್ಪಿಸಿಕೊಳ್ಳಲು ಬೆನ್ನ ಹಿಂದಿನ ಹೋಸನ್ನು ಹಿಡಿದು, ಕವಾಟದ ಕಬ್ಬಿಣದ ಚಕ್ರಕ್ಕೆ ಒಂದು ಸುತ್ತು ಸುತ್ತಿಬಿಟ್ಟ.

"ಎಳಿ ಈಗ! ಎಷ್ಟು ಎಳೀತೀಯಾ ಎಳಿ!" ಎಂದು ಕೂಗಿದ. ಹೆಡ್‌ಫೋನಿನಲ್ಲಿ ಆ ಕೂಗು ಮೇಲಿನವನ ಕಿವಿ ಹರಿಯಿತು.

ಮೇಸ್ತ್ರಿ, ತಳದವನಿಗೂ ಕೇಳುವ ತನ್ನ ಮೈಕಿನಲ್ಲಿ, ಮೇಲಿನ ಕೋಣೆಗೆ ಅರಚಿದ. "ಸಾಹೇಬ್ರೇ, ಹಡಗು ಓಡ್ತಿದೆ! ನಿಲ್ಸಿ!"

"ಪರದೆ ಮೇಲೆ ಒಂದಡಿನೂ ಅಲ್ಲಾಡಿಲ್ಲ," ಎಂದಿತು ಗುಂಡಿ ಸಾಹೇಬನ ನಿಧಾನದ ದನಿ. "ಎರಡೂ ಪೆಟ್ಟಿಗೆ ಒಂದೇ ಮಾತು ಹೇಳ್ತಿವೆ. ಆ ತಂತಿ ಕೆಟ್ಟಿದೆ, ಯಂತ್ರನೇ ಅದನ್ನ ಹೊರಗೆ ಹಾಕ್ತು. ನಿಮ್ಮ ಭಾವಂದಿರ ಜಗಳನ ನೀವು ನೋಡ್ಕೊಳ್ಳಿ."

ಮೇಸ್ತ್ರಿ ತಿರುಗಿ ಮೇಲಿನ ಭಾವನ ಕೊರಳಪಟ್ಟಿ ಹಿಡಿದ. ಬೆನ್ನನ್ನು ಕಂಬಿಗೆ ಒತ್ತಿದ. "ಬಿಡೋ ಪಾಪಿ! ಒಂದು ಜೀವ ತೆಗೀತೀಯಾ? ಬಿಡೋ ಹೋಸು!"

ಮೇಲಿನ ಭಾವ ಎರಡು ಕೈಗಳನ್ನೂ ಎತ್ತಿ ಮೇಸ್ತ್ರಿಯ ಮುಖದ ಮುಂದೆ ಬಿಡಿಸಿ ಹಿಡಿದ. ಖಾಲಿ.

ಪಕ್ಕದಲ್ಲಿ ಹೋಸು ತಾನೇ ತಾನಾಗಿ, ಯಾರ ಕೈಯೂ ಇಲ್ಲದೆ, ಬಿಲ್ಲಿನ ಹೆದೆಯಂತೆ ಬಿಗಿದು ನೀರಿಗೆ ಇಳಿದಿತ್ತು. ಅದರಾಚೆ ಉಕ್ಕಿನ ತಂತಿ. ಬೆಳಿಗ್ಗೆ ನೆಟ್ಟಗೆ ಇಳಿದಿದ್ದ ತಂತಿ ಈಗ ಗಾಳಿಗೆ ಬಿದ್ದ ಮರದಂತೆ ವಾಲಿತ್ತು. "ಅದು ಕೆಟ್ಟಿಲ್ಲ ಮೇಸ್ತ್ರಿ," ಎಂದ ಅವನು. "ಅದೊಂದೇ ನಿಜ ಹೇಳ್ತಿದೆ."

ಮೇಸ್ತ್ರಿಯ ಕೈ ಸಡಿಲವಾಯಿತು. ಮರುಗಳಿಗೆ ಅವನು ಕಬ್ಬಿಣದ ಏಣಿಯ ಕಡೆಗೆ ಓಡುತ್ತಿದ್ದ.

ಹೆಡ್‌ಫೋನಿನಲ್ಲಿ ಉಸಿರು ಸಣ್ಣಗಾಗುತ್ತಿತ್ತು. ಚಕ್ರಕ್ಕೆ ಸುತ್ತಿಕೊಂಡ ಕಡೆ ಗಾಳಿಯ ನಳಿಕೆ ಮಡಚಿತ್ತು. ಎದೆಯ ಪಟ್ಟಿ ಬಿಗಿದು ಏನೋ ಲಟಕ್ಕೆಂದದ್ದು ಮೇಲಿನವರೆಗೂ ಕೇಳಿಸಿತು. ಆಮೇಲೆ ಒಂದು ನರಳು.

"ಬೆನ್ನ ಸಿಲಿಂಡರಿನ ನಲ್ಲಿ ತೆಗಿ ಭಾವ."

"ತೆಗ್ದೆ… ಸಾಯಿಸ್ತಿದ್ದೀಯಲ್ಲೋ…"

ಅದರಲ್ಲಿದ್ದದ್ದು ಐದಾರು ನಿಮಿಷದ ಗಾಳಿ. ಗಾಬರಿಯಲ್ಲಿ ಉಸಿರಾಡಿದರೆ ಮೂರು. ಮೇಲಿನ ಭಾವ ಕಣ್ಣು ಮುಚ್ಚಿದ. ದೇವರೇ ಎಂದನೋ ತಂಗಿಯ ಹೆಸರು ಹೇಳಿದನೋ, ಅವನಿಗೇ ಗೊತ್ತಾಗಲಿಲ್ಲ. ಒಲೆಯ ಮುಂದೆ ತಿರುಗಿ ನಿಂತ ಅವಳ ಬೆನ್ನು ಕಂಡಿತು. ಇವನು ಸತ್ತರೆ ಅವಳ ತುಟಿ ಮತ್ತೆ ಒಡೆಯುವುದಿಲ್ಲ ಎಂಬ ಒಂದು ಯೋಚನೆ ಹಾವಿನಂತೆ ತಣ್ಣಗೆ ಅವನೊಳಗೆ ಹರಿದುಹೋಯಿತು. ಹರಿದುಹೋಗಲು ಬಿಟ್ಟ. ಹಿಂದೆ ಹೋಗಲಿಲ್ಲ.

ಈಗ ಮಾಡಬಹುದಾದದ್ದು ಒಂದೇ ಇತ್ತು. ಕೆಂಪು ಗುರುತಿನ ಗಂಟನ್ನು ಕತ್ತರಿಸಬೇಕು. ಹೋಸು ಸಡಿಲವಾದ ಕ್ಷಣಕ್ಕೆ ಕೆಳಗಿನವನು ಚಕ್ರದ ಸುತ್ತನ್ನು ಎತ್ತಿ ಬಿಚ್ಚಬೇಕು. ಆದರೆ ಆ ಸಡಿಲ ಸಿಕ್ಕ ಕೂಡಲೇ ನಂಬಿಕೆಯಿಲ್ಲದವನು ಏನು ಮಾಡುತ್ತಾನೆ? ಇನ್ನೂ ಒಂದು ಸುತ್ತು ಹಾಕುತ್ತಾನೆ.

"ಭಾವ, ನಾನು ಎಳೀತಿಲ್ಲ. ಹಡಗು ಓಡ್ತಿದೆ."

"ಸಾಹೇಬ ಇಲ್ಲ ಅಂದದ್ದು ನಂಗೂ ಕೇಳಿಸ್ತು. ಬೆಳಿಗ್ಗೆ ನೀನು ಏನಂದೆ? ಏನಂದೆ ಹೇಳು!"

"ಅಂದಿದ್ದೆ. ಅನ್ನಬಾರದಿತ್ತು. ನನ್ನ ಮಾತು ಬಿಡು, ಸಾಹೇಬನ ಮಾತೂ ಬಿಡು. ನಿನ್ನ ಎಡಗಡೆ ಹತ್ತು ಹೆಜ್ಜೆ ಆಚೆ ಕಬ್ಬಿಣದ ಗುಂಡು ಕೂತಿದೆ. ಅದರ ತಂತಿ ನೋಡು. ನೆಟ್ಟಗಿದ್ರೆ ನಾನು ಕೊಲೆಗಾರ. ನೋಡು!"

ಉಸಿರು, ಒಡೆದ ಉಸಿರು, ಇನ್ನೊಂದು. ತಳದ ಮಬ್ಬಿನಲ್ಲಿ ಹೆಲ್ಮೆಟ್ಟಿನ ದೀಪ ತಿರುಗಿತು.

"ಓರೆ," ಎಂದಿತು ದನಿ. ಆಮೇಲೆ ಗಂಟಲು ಹರಿದು ಬಂತು: "ಓರೆಯಾಗಿದೆ! ಗುಂಡು ಕೆಸರಲ್ಲಿ ಎಳ್ಕೊಂಡು ಹೋಗ್ತಿದೆ! ಭಾವ!"

"ಗಂಟು ಕೊಯ್ತೀನಿ. ಸಡಿಲ ಆದ ತಕ್ಷಣ ಸುತ್ತು ಬಿಚ್ಚು. ಇನ್ನೊಂದು ಸುತ್ತು ಹಾಕಿದ್ಯೋ, ಸತ್ತೆ."

"ಕೊಯ್ಯಿ."

ಸೊಂಟದ ಚೂರಿ ತೆಗೆದು ಮೇಲಿನ ಭಾವ ಹಗ್ಗಕ್ಕೆ ಹಾಕಿದ. ಎರಡನೆಯ ಎಳೆತಕ್ಕೇ ಹಗ್ಗ ಗುಂಡು ಹಾರಿದಂತೆ ಹರಿಯಿತು. ಹೋಸು ಜೀವ ಬಂದ ಪ್ರಾಣಿಯಾಗಿ ನೆಗೆಯಿತು. ಕಂಬಕ್ಕೊಂದು ಸುತ್ತು ಹಾಕಿ ಅದನ್ನು ತಡೆಯಲು ಹೋದ ಅವನ ಎಡಗೈ ಹೋಸಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿತು. ಬೆರಳುಗಳು ಒಣಕಡ್ಡಿಯಂತೆ ಮುರಿದವು. ಎರಡು ಅಲ್ಲೇ ಬಿದ್ದವು. ಕಂಬ ಕೆಂಪಾಯಿತು. ಹೋಸು ಆ ಕೆಂಪಿನಲ್ಲೇ ಜಾರಿ ಐದು ಮೀಟರ್, ಎಂಟು ಮೀಟರ್ ಹೊರಗೆ ಹೋಯಿತು. ಅವನು ಕಿರುಚಲಿಲ್ಲ. ಕಿರುಚಿದರೆ ಕೆಳಗಿನವನಿಗೆ ಕೇಳಿಸುತ್ತದೆ, ಕೇಳಿಸಿದರೆ ಅವನ ಕೈ ತಡೆಯುತ್ತದೆ.

"ಬಿಚ್ಚಿದೆ!" ಎಂದಿತು ಕಿವಿಯಲ್ಲಿ.

ಇಷ್ಟರೊಳಗೆ ಮೇಸ್ತ್ರಿ ಮೇಲಿನ ಕೋಣೆಯ ಬಾಗಿಲನ್ನು ಒದ್ದು ಒಳನುಗ್ಗಿದ್ದ. ಮಾತಿಲ್ಲ ಕಥೆಯಿಲ್ಲ, ಗುಂಡಿ ಸಾಹೇಬನ ಕೆನ್ನೆಗೆ ಬಾರಿಸಿದ. ಕುರ್ಚಿ ಉರುಳಿತು, ಲೋಟ ಚೂರಾಯಿತು, ಚಹಾದಲ್ಲಿ ನೆಂದ ಎಚ್ಚರಿಕೆಯ ಹಾಳೆ ನೆಲಕ್ಕೆ ಅಂಟಿಕೊಂಡಿತು. ಸಾಹೇಬ ನೆಲದಲ್ಲಿದ್ದುಕೊಂಡೇ ಗೋಡೆಯ ಸ್ಪೀಕರಿನತ್ತ ತಲೆಯೆತ್ತಿದ. ಅಲ್ಲಿ ಸಮುದ್ರದ ತಳದಿಂದ ಒಬ್ಬ ಮನುಷ್ಯ 'ಓರೆ, ಓರೆ' ಎಂದು ಕೂಗುತ್ತಿದ್ದ. ಸಾಹೇಬನ ಮುಖದ ಬಣ್ಣ ಇಳಿಯಿತು. ಎದ್ದವನೇ ಎರಡೂ ಪೆಟ್ಟಿಗೆಗಳನ್ನು ಆರಿಸಿ ಹಡಗನ್ನು ತನ್ನ ಕೈಗೆ ತೆಗೆದುಕೊಂಡ. ಕಿಟಕಿಯಿಂದ ತಂತಿಯನ್ನು ನೋಡುತ್ತಾ ಹಿಡಿಕೆ ತಿರುಗಿಸಿದ. ಹಡಗು ಮೂವತ್ತು ಮೀಟರ್ ಓಡಿಹೋಗಿತ್ತು. ಮೈ ನಡುಗಿಸಿ ನಿಂತಿತು. ಹಿಂದಕ್ಕೆ ಬರತೊಡಗಿತು.

ಬರತೊಡಗಿದ್ದೇ ಹೊಸ ಗಂಡಾಂತರ. ಹಡಗು ಹತ್ತಿರವಾದಷ್ಟೂ ಹೋಸು ಸಡಿಲ. ಗುರುತಿನಾಚೆಗೆ ಹೋಗಿದ್ದ ಅಷ್ಟುದ್ದವೂ ಈಗ ನೀರಿನ ಮೇಲೆ ಮಾಲೆಯಂತೆ ತೇಲಿ, ಬಿಳಿ ನೊರೆಯ ಕಡೆಗೆ, ತಿರುಗುವ ಅಲಗುಗಳ ಕಡೆಗೆ ಸಾಗುತ್ತಿತ್ತು. ಮೇಲಿನ ಭಾವ ಕಾಲನ್ನು ಕಂಬಿಗೆ ಒತ್ತುಕೊಟ್ಟು ಎಳೆದ. ಬಲಗೈಯಲ್ಲಿ ಎಳೆಯುವುದು, ಮುರಿದ ಎಡಗೈಯ ಮೊಣಕೈಗೆ ಸುತ್ತಿಕೊಳ್ಳುವುದು, ಹಲ್ಲಿನಿಂದ ಕಚ್ಚಿ ಹಿಡಿಯುವುದು. ರಕ್ತ ಬಾಯಿಗೆ ಬಂತು. ಉಪ್ಪು ನೀರೂ ಬಂತು. ಮಾಲೆಯ ತುದಿ ನೊರೆಗೆ ಎರಡು ಮಾರು ದೂರವಿದ್ದಾಗ ಕಡೆಗೂ ಬಿಗಿಯಾಯಿತು. ಕೆಂಪು ಗುರುತು ಕಂಬಿಯ ಮೇಲೆ ಹತ್ತಿ ಒಳಗೆ ಬಂತು. ಯಾವುದು ಪಟ್ಟಿಯ ಕೆಂಪು, ಯಾವುದು ತನ್ನ ಕೆಂಪು ಎಂದು ಅವನಿಗೆ ತಿಳಿಯಲಿಲ್ಲ.

ಅವನು ಒಂದು ಸಲ ಜಗ್ಗಿದ.

ಕೆಳಗಿನಿಂದ ಒಂದು ಸಲ ಜಗ್ಗು ಬಂತು.

ಮೂರು ಪಕ್ಕೆಲುಬು ಮುರಿದಿದ್ದ ಕೆಳಗಿನ ಭಾವನನ್ನು ಕಬ್ಬಿಣದ ಬುಟ್ಟಿಯಲ್ಲಿ ಮೇಲೆತ್ತಿ, ಒತ್ತಡದ ಕೋಣೆಗೆ ಸೇರಿಸಿದರು. ಬೇಗ ಮೇಲೆ ಬಂದವನ ರಕ್ತ ಗುಳ್ಳೆ ಕಟ್ಟದಿರಲು ಆ ಉಕ್ಕಿನ ಡಬ್ಬಿಯಲ್ಲಿ ಗಂಟೆಗಟ್ಟಲೆ ಮಲಗಬೇಕು. ಕೈಗೆ ಬಟ್ಟೆ ಸುತ್ತಿಸಿಕೊಂಡ ಮೇಲಿನ ಭಾವ ಅದರ ದುಂಡು ಕಿಟಕಿಯ ಪಕ್ಕದಲ್ಲಿ ನೆಲಕ್ಕೆ ಕೂತ. ದಡಕ್ಕೆ ಫೋನ್ ಮಾಡಲು ಹೋದವರು ಬರಿಗೈಯಲ್ಲಿ ಬಂದರು. ಆಕಾಶ ಇನ್ನೂ ಕುದಿಯುತ್ತಿತ್ತು. ಯಾರ ಮಾತೂ ಆಚೆ ಹೋಗುತ್ತಿರಲಿಲ್ಲ.

ಕೆನ್ನೆ ಊದಿದ ಗುಂಡಿ ಸಾಹೇಬ ಬಂದು ಸ್ವಲ್ಪ ಹೊತ್ತು ನಿಂತ. "ಎರಡೂ ಒಂದೇ ಮಾತು ಹೇಳ್ತಿದ್ವು," ಎಂದ. ತಾನೇ ಹೋದ.

ಒತ್ತಡದ ಕೋಣೆಯ ಪುಟ್ಟ ಸ್ಪೀಕರು ಬಹಳ ಹೊತ್ತಿನ ಮೇಲೆ ಕರಕರ ಎಂದಿತು. "ಭಾವ, ಇದ್ದೀಯಾ?"

"ಇದ್ದೀನಿ."

"ನೀನೇ ಎಳೀತಿದ್ದೀಯಾ ಅಂದ್ಕೊಂಡೆ."

"ನಾನು ಎಳೆದಿದ್ರೆ ಕವಾಟನೂ ನಿನ್ನ ಜೊತೆ ಮೇಲೆ ಬರ್ತಿತ್ತು."

ಒಳಗಿನಿಂದ ನಗು ಬಂತು, ಪಕ್ಕೆ ಹಿಡಿದು ನರಳಾಯಿತು. ಮೇಲಿನ ಭಾವ ಕಿಟಕಿಯಲ್ಲಿ ಇಣುಕಿದ. ಆ ದುಂಡು ಗಾಜಿನಾಚೆ ಕೆಳಗಿನವನು ತನ್ನ ಬಲಗೈಯನ್ನು ಮುಖದ ಮೇಲೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಇದು ಯಾರದೆಂದು ಗುರುತು ಹಿಡಿಯುವವನಂತೆ. ಮೇಲಿನ ಭಾವ ತಲೆ ಕೆಳಗೆ ಮಾಡಿದ. ಅವನ ಬಲಗೈಯ ಗೆಣ್ಣುಗಳ ಮೇಲೂ ಬೆಳಗಿನ ಮೂರು ಏಟಿನ ತರಚು ಹಾಗೇ ಇತ್ತು.

ಮರುದಿನ ಮಧ್ಯಾಹ್ನ ಹಡಗು ದಡ ಸೇರಿತು. ಸುದ್ದಿ ಇಲ್ಲದೆ ಒಂದು ದಿನ ಕಳೆದ ಮನೆಯವರೆಲ್ಲ ಕಟ್ಟೆಯ ಮೇಲೆ ನಿಂತಿದ್ದರು. ತಂಗಿಯೂ ಇದ್ದಳು. ತುಟಿಯ ಗಾಯ ಕಪ್ಪಾಗಿ ಒಣಗಿತ್ತು. ಪಕ್ಕದಲ್ಲಿ ಒಂದು ಚೀಲ, ಬಟ್ಟೆ ತುಂಬಿ ಜಿಪ್ ಎಳೆದದ್ದು. ಅಣ್ಣನ ಮನೆಗೆ ಹೊರಟವಳು ಹಡಗಿನ ಸುದ್ದಿಯಿಲ್ಲವೆಂದು ಇಲ್ಲಿಗೆ ಬಂದಿದ್ದಳೋ, ಇಲ್ಲಿಂದ ಹೊರಡಲೆಂದೇ ಬಂದಿದ್ದಳೋ.

ಭಾವಂದಿರು ಒಬ್ಬರನ್ನೊಬ್ಬರು ಆತುಕೊಂಡು ಹಲಗೆಯ ಮೇಲೆ ಇಳಿದುಬಂದರು. ಯಾರು ಯಾರನ್ನು ಹಿಡಿದಿದ್ದರು ಎಂದು ಹೇಳುವುದು ಕಷ್ಟ. ಅವಳು ಗಂಡನ ಮುಖ ನೋಡಲಿಲ್ಲ. ಅಣ್ಣನ ಎಡಗೈ ನೋಡಿದಳು. ಬಟ್ಟೆಯ ಗಂಟು, ಎರಡು ಬೆರಳು ಇರಬೇಕಾದಲ್ಲಿ ಏನೂ ಇಲ್ಲ.

"ಅಯ್ಯೋ ಅಣ್ಣಾ! ಯಾರು ಮಾಡಿದ್ದು ಇದನ್ನ?"

"ಆಕಾಶ ಕಣಮ್ಮಾ," ಎಂದ ಅಣ್ಣ. "ಮೇಲೆ ಏನೋ ಬಿರುಗಾಳಿಯಂತೆ. ಯಂತ್ರ ಸುಳ್ಳು ಹೇಳ್ತು. ಕಂಬ ತಗುಲಿತು."

ಅವಳು ಅವನನ್ನೇ ನೋಡಿದಳು. ಬಾಗಿಲು ತಗುಲಿತು ಎಂದಿದ್ದವಳಿಗೆ ಕಂಬ ತಗುಲಿತು ಎಂಬ ಮಾತು ಎಲ್ಲಿಂದ ಬರುತ್ತದೆಂದು ಗೊತ್ತಿತ್ತು.

ಆಗ ಅವಳ ಗಂಡ, ಪಕ್ಕೆಗೆ ಕೈ ಒತ್ತಿಕೊಂಡು, ನಿಂತಲ್ಲೇ ನೆಟ್ಟಗಾದ. ಕಟ್ಟೆಯ ಮೇಲೆ ಮೇಸ್ತ್ರಿ ಇದ್ದ, ಹಡಗಿನವರಿದ್ದರು, ಅವರ ಹೆಂಡಂದಿರು ಮಕ್ಕಳಿದ್ದರು.

"ನಾನು," ಎಂದ ಅವನು. "ಭಾವನ ಬೆರಳು ಹೋದದ್ದೂ ನನ್ನಿಂದಲೇ."

ಅವಳು ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಹೆಗಲನ್ನು ಅಣ್ಣನಿಗೆ ಕೊಟ್ಟಳು. ನಾಲ್ಕು ಹೆಜ್ಜೆ ನಡೆದು, ಹಿಂದೆ ತಿರುಗದೆ, ಗಂಡನಿಗೆ ಕೇಳುವಷ್ಟು ದನಿಯಲ್ಲಿ ಅಂದಳು:

"ನಿನ್ನ ಪಕ್ಕೆ ಕೂಡಿಕೊಳ್ಳೋ ತನಕ ಅಣ್ಣನ ಮನೇಲಿ ಇರ್ತೀನಿ. ಅಣ್ಣನ ಕೈ ಬಗ್ಗೆ ಈಗ ಹೇಳಿದ ಹಾಗೇ, ನನ್ನ ತುಟಿ ಬಗ್ಗೆನೂ ಇಷ್ಟು ಜನದ ಮುಂದೆ ಹೇಳೋಕಾದಾಗ ಬಾ."

ಕೆಳಗಿನ ಭಾವ ಕಟ್ಟೆಯ ನಡುವೆ ನಿಂತೇ ಇದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನೆತ್ತಿಯ ಮೇಲೆ ಆಕಾಶ ತಿಳಿನೀಲಿಯಾಗಿ, ಏನೂ ಆಗಿಲ್ಲವೆಂಬಂತೆ ಹರಡಿತ್ತು. ಅವನು ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ, ಉಸಿರೆಳೆದುಕೊಂಡ, ಮತ್ತು ಅಲ್ಲೇ, ಆಗಲೇ, ಹೇಳತೊಡಗಿದ.